ಜರ್ಕಾದ ಪುಂಡನಿಗೆ ಜಾಗ ಕೊಟ್ಟವರು ಯಾರು?

ಆತ್ಮೀಯ ಶ್ರೋತೃಗಳೇ, ನಮಸ್ಕಾರ.

ನಿಲಯದವರು ನನಗೆ ಕೊಟ್ಟಿರುವ ವಿಷಯ ‘ಜಾಗತಿಕ ಭಯೋತ್ಪಾದನೆ: ಒಂದು ಅವಲೋಕನ’. ಕೊಟ್ಟಿರುವ ಸಮಯ ಹದಿನೈದು ನಿಮಿಷ. ಇಡೀ ಜಗತ್ತನ್ನು ಹದಿನೈದು ನಿಮಿಷದಲ್ಲಿ ಸುತ್ತಿ ಬರುವುದು ನನ್ನಿಂದಾಗದ ಕೆಲಸ. ಆದ್ದರಿಂದ ಒಬ್ಬನ ಕಥೆ ಮಾತ್ರ ಹೇಳುತ್ತೇನೆ. ಬಿನ್ ಲಾಡೆನ್ ಕಥೆ ಬೇಡ, ಅದನ್ನು ನೀವು ಬೇಕಾದಷ್ಟು ಕೇಳಿದ್ದೀರಿ. ಇವನ ಹೆಸರು ಅಬು ಮುಸಬ್ ಅಲ್-ಜರ್ಕಾವಿ. ಕೆಲವರಿಗೆ ನೆನಪಿರಬಹುದು, ಹಲವರು ಮರೆತಿರಬಹುದು. ಮುಂದೆ ಐಸಿಸ್ ಎಂದು ಜಗತ್ತು ನಡುಗಿದ ಸಂಘಟನೆಗೆ ಬುನಾದಿ ಹಾಕಿದವನು ಇವನೇ.

ಸ್ಪರ್ಧಾತ್ಮಕ ಪರೀಕ್ಷೆಗೆ ಟಿಪ್ಪಣಿ ಮಾಡಿಕೊಳ್ಳುತ್ತಿರುವ ಮಕ್ಕಳಿದ್ದರೆ ಒಂದೇ ಸಾಲು ಬರೆದುಕೊಂಡರೆ ಸಾಕು: ಭಯೋತ್ಪಾದಕ ನಾಯಕ ತಾನಾಗಿ ದೊಡ್ಡವನಾಗುವುದಿಲ್ಲ, ಅವನಿಗೆ ಯಾರೋ ಜಾಗ ಮಾಡಿಕೊಡುತ್ತಾರೆ. ಉಳಿದದ್ದೆಲ್ಲ ಇದರ ವಿವರಣೆ.

ಜೋರ್ಡಾನ್ ದೇಶದ ರಾಜಧಾನಿ ಅಮ್ಮಾನ್. ಅದಕ್ಕೆ ಹತ್ತಿರದಲ್ಲೇ ಜರ್ಕಾ ಎಂಬ ಕೈಗಾರಿಕೆಗಳ ಊರು. ಹೊಗೆ, ಧೂಳು, ನಿರಾಶ್ರಿತರ ಬಡಾವಣೆಗಳು. 1966ರಲ್ಲಿ ಅಲ್ಲಿ ಹುಟ್ಟಿದ ಹುಡುಗ ಅಹ್ಮದ್ ಅಲ್-ಖಲಾಯಿಲಾ. ಮುಂದೆ ಜರ್ಕಾವಿ, ಅಂದರೆ ಜರ್ಕಾದವನು, ಎಂದು ಹೆಸರಾದವನು ಇವನೇ. ಶಾಲೆ ಬಿಟ್ಟ, ಕುಡಿದ, ಬೀದಿಜಗಳಕ್ಕೆ ನಿಂತ, ಮೈತುಂಬ ಹಚ್ಚೆ ಹಾಕಿಸಿಕೊಂಡ. ಊರಿನವರ ಕಣ್ಣಿಗೆ ಅವನೊಬ್ಬ ಪುಂಡ, ಅಷ್ಟೆ. ಮಗ ಸರಿಹೋಗಲಿ ಎಂದು ತಾಯಿಯೇ ಅವನನ್ನು ಮಸೀದಿಯ ಪಾಠಕ್ಕೆ ಹಚ್ಚಿದಳು. ಅಲ್ಲಿಂದ ಅವನು 1989ರಲ್ಲಿ ಅಫ್ಘಾನಿಸ್ತಾನಕ್ಕೆ ಹೊರಟ, ಸೋವಿಯತ್ ಸೈನಿಕರ ವಿರುದ್ಧ ಹೋರಾಡಲು. ಅವನು ಹೋಗಿ ಸೇರುವಾಗ ಸೋವಿಯತ್ ಸೇನೆ ಊರು ಬಿಟ್ಟಾಗಿತ್ತು. ಮದುವೆ ಮುಗಿದು ಚಪ್ಪರ ಬಿಚ್ಚುವ ಹೊತ್ತಿಗೆ ಬಂದ ನೆಂಟನ ಹಾಗೆ ಅವನು ಅಲ್ಲಿ ಉಳಿದ. ಒಂದು ಪತ್ರಿಕೆಗೆ ವರದಿಗಳನ್ನು ಬರೆದ, ಆಮೇಲೆ ಅಫ್ಘನ್ನರ ಒಳಜಗಳದಲ್ಲಿ ಬಂದೂಕು ಹಿಡಿದ. ಆ ದಿನಗಳಲ್ಲೇ ಅವನಿಗೆ ಅಬು ಮುಹಮ್ಮದ್ ಅಲ್-ಮಕ್ದಿಸಿ ಎಂಬ ಉಗ್ರ ಬೋಧಕನ ಪರಿಚಯವಾಯಿತು.

ಊರಿಗೆ ಮರಳಿದ ಮೇಲೆ ಗುರುಶಿಷ್ಯರಿಬ್ಬರೂ ಸಂಚು ಹೂಡಿ 1994ರಲ್ಲಿ ಸಿಕ್ಕಿಬಿದ್ದರು. ಹದಿನೈದು ವರ್ಷ ಶಿಕ್ಷೆಯಾಯಿತು. ಇಲ್ಲಿ ಸ್ವಲ್ಪ ಗಮನವಿಟ್ಟು ಕೇಳಿ. ಜೋರ್ಡಾನಿನ ಜೈಲಿನವರು ಉಗ್ರವಾದಿಗಳು ಬೇರೆ ಕೈದಿಗಳನ್ನು ಕೆಡಿಸದಿರಲಿ ಎಂದು ಅವರನ್ನೆಲ್ಲ ಒಂದೇ ಕಡೆ ಇಟ್ಟರು. ಕೊನೆಗೆ ಅವರೆಲ್ಲ ಇದ್ದದ್ದು ಮರಳುಗಾಡಿನ ನಡುವಿನ ಅಲ್-ಜಫ್ರ್ ಜೈಲಿನಲ್ಲಿ. ಹೊರಗೆ ಹತ್ತು ಜನ ಮಾತು ಕೇಳದಿದ್ದವನಿಗೆ ಒಳಗೆ ಒಂದು ಪಡೆಯೇ ಸಿಕ್ಕಿತು. ಯಾರು ಅಡುಗೆ ಮಾಡಬೇಕು, ಯಾರು ನೆಲ ಒರೆಸಬೇಕು, ಯಾರು ಕಾವಲುಗಾರನ ಜೊತೆ ಮಾತನಾಡಬೇಕು ಎಂಬುದನ್ನೆಲ್ಲ ಅವನೇ ನಿರ್ಧರಿಸುತ್ತಿದ್ದ. ಮಕ್ದಿಸಿಗೆ ಪುಸ್ತಕ ಬೇಕಿತ್ತು, ಇವನಿಗೆ ಜನ ಬೇಕಿತ್ತು. ಹಚ್ಚೆ ಧರ್ಮಕ್ಕೆ ವಿರುದ್ಧವೆಂದು ಕ್ಷೌರದ ಬ್ಲೇಡು ತರಿಸಿಕೊಂಡು ತೋಳಿನ ಚರ್ಮವನ್ನೇ ಕೀಳಿಸಿಕೊಂಡ ಎಂದು ಅವನ ಜೊತೆಗಿದ್ದವರು ಹೇಳುತ್ತಾರೆ. ಜೈಲಿಗೆ ಹೋದದ್ದು ಬೀದಿಪುಂಡ. ಹೊರಬಂದದ್ದು ನಾಯಕ.

ಹೊರಬರಲು ಹದಿನೈದು ವರ್ಷವೂ ಹಿಡಿಯಲಿಲ್ಲ. 1999ರ ಫೆಬ್ರವರಿಯಲ್ಲಿ ದೊರೆ ಹುಸೇನ್ ತೀರಿಕೊಂಡರು. ಮಗ ಎರಡನೇ ಅಬ್ದುಲ್ಲಾ ಪಟ್ಟಕ್ಕೆ ಬಂದರು. ಸಂಪ್ರದಾಯದಂತೆ ಕೈದಿಗಳಿಗೆ ಕ್ಷಮಾದಾನ ಘೋಷಣೆಯಾಯಿತು. ಆ ಪಟ್ಟಿಯಲ್ಲಿ ಇವನ ಹೆಸರೂ ಸೇರಿತ್ತು. ಜಾಗ ಕೊಟ್ಟರು ಎಂದೆನಲ್ಲ, ಇದು ಎರಡನೆಯ ಸಲ.

ಅವನು ಮತ್ತೆ ಅಫ್ಘಾನಿಸ್ತಾನಕ್ಕೆ ಹೋದ, ಕಂದಹಾರದಲ್ಲಿ ಬಿನ್ ಲಾಡೆನ್‌ನನ್ನು ಕಂಡ. ಇಬ್ಬರಿಗೂ ಹೊಂದಲಿಲ್ಲ. ಬಿನ್ ಲಾಡೆನ್ ಶ್ರೀಮಂತ ಮನೆತನದವನು, ಅವನ ಗುರಿ ಅಮೆರಿಕ. ಸುನ್ನಿ ಪಂಥದ ಇವನಿಗೆ ಅಮೆರಿಕಕ್ಕಿಂತ ಶಿಯಾ ಪಂಥದ ಮುಸ್ಲಿಮರ ಮೇಲೆ ಹೆಚ್ಚು ದ್ವೇಷ. ಅಲ್-ಕೈದಾಕ್ಕೆ ನಿಷ್ಠೆಯ ಪ್ರಮಾಣವನ್ನೂ ಮಾಡದೆ ದೂರದ ಹೆರಾತ್‌ನಲ್ಲಿ ಪ್ರತ್ಯೇಕ ಶಿಬಿರ ತೆರೆದ. 2001ರಲ್ಲಿ ಅಮೆರಿಕದ ಬಾಂಬುಗಳು ಬೀಳತೊಡಗಿದಾಗ ಇರಾನ್ ದಾಟಿ ಉತ್ತರ ಇರಾಕಿನ ಬೆಟ್ಟಗಳಿಗೆ ಓಡಿದ. ಆ ಹೊತ್ತಿಗೆ ಗುಪ್ತಚರರನ್ನು ಬಿಟ್ಟರೆ ಹೊರಜಗತ್ತಿನಲ್ಲಿ ಅವನ ಹೆಸರು ಕೇಳಿದವರೇ ಕಡಿಮೆ.

ಈಗ 2003ರ ಫೆಬ್ರವರಿ 5. ವಿಶ್ವಸಂಸ್ಥೆಯ ಭದ್ರತಾ ಮಂಡಳಿ. ಅಮೆರಿಕದ ವಿದೇಶಾಂಗ ಸಚಿವ ಕಾಲಿನ್ ಪೊವೆಲ್ ಮಾತನಾಡುತ್ತಿದ್ದಾರೆ. ಇರಾಕಿನ ಅಧ್ಯಕ್ಷ ಸದ್ದಾಂ ಹುಸೇನ್‌ಗೂ ಅಲ್-ಕೈದಾಕ್ಕೂ ಸಂಬಂಧವಿದೆ ಎಂದು ತೋರಿಸಬೇಕು, ಯುದ್ಧಕ್ಕೆ ಕಾರಣ ಬೇಕು. ಕೊಂಡಿಯಾಗಿ ಅವರು ಎತ್ತಿ ಹಿಡಿದದ್ದು ಈ ಜರ್ಕಾದವನನ್ನು. ಅವನ ಹೆಸರನ್ನು ಮತ್ತೆ ಮತ್ತೆ ಹೇಳಿದರು, ತೆರೆಯ ಮೇಲೆ ಭಾವಚಿತ್ರ ತೋರಿಸಿದರು. ಸದ್ದಾಂ ಇವನಿಗೆ ಆಶ್ರಯ ಕೊಟ್ಟಿರಲಿಲ್ಲ ಎಂದು ಅಮೆರಿಕದ ಸೆನೆಟ್ ಸಮಿತಿಯೇ 2006ರಲ್ಲಿ ಹೇಳಿತು. ಆ ಭಾಷಣ ತಮ್ಮ ಹೆಸರಿಗೆ ಅಂಟಿದ ಕಳಂಕವೆಂದು ಪೊವೆಲ್ ಕೂಡ ಮುಂದೆ ಒಪ್ಪಿಕೊಂಡರು. ಒಪ್ಪಿಕೊಂಡು ಏನು ಬಂತು? ಬೆಟ್ಟದಲ್ಲಿ ಅಡಗಿದ್ದವನನ್ನು ಜಗತ್ತಿನ ಅತಿ ದೊಡ್ಡ ವೇದಿಕೆಗೆ ಹತ್ತಿಸಿಯಾಗಿತ್ತು. ಹಣ ಕೊಡುವವರಿಗೆ, ಬಂದು ಸೇರಬಯಸುವವರಿಗೆ ವಿಳಾಸ ಸಿಕ್ಕಿತು.

ಮಾರ್ಚಿನಲ್ಲಿ ಯುದ್ಧ. ಮೇ ತಿಂಗಳಲ್ಲಿ ಬಾಗ್ದಾದಿನ ಅಮೆರಿಕನ್ ಆಡಳಿತಗಾರ ಪಾಲ್ ಬ್ರೆಮರ್ ಎರಡು ಆದೇಶ ಹೊರಡಿಸಿದರು. ಮೊದಲನೆಯದು ಸದ್ದಾಂನ ಬಾತ್ ಪಕ್ಷದವರನ್ನು ಸರ್ಕಾರಿ ಹುದ್ದೆಗಳಿಂದ ತೆಗೆಯುವುದು. ಎರಡನೆಯದು ಇರಾಕಿ ಸೇನೆಯನ್ನೇ ವಿಸರ್ಜಿಸುವುದು. ಬಂದೂಕು ಹಿಡಿಯಲು ಬಲ್ಲ ಲಕ್ಷಗಟ್ಟಲೆ ಗಂಡಸರು ರಾತ್ರಿ ಬೆಳಗಾಗುವುದರೊಳಗೆ ಸಂಬಳವಿಲ್ಲದೆ, ಮಾನವಿಲ್ಲದೆ ಬೀದಿಗೆ ಬಿದ್ದರು. ಮದ್ದುಗುಂಡಿನ ಉಗ್ರಾಣಗಳಿಗೆ ಕಾವಲಿರಲಿಲ್ಲ. ಕೋಲು ಕೊಟ್ಟು ಪೆಟ್ಟು ತಿನ್ನುವುದು ಎಂದರೆ ಇದೇ.

2003ರ ಆಗಸ್ಟ್ ಒಂದೇ ತಿಂಗಳನ್ನು ನೋಡಿ. 7ರಂದು ಬಾಗ್ದಾದಿನ ಜೋರ್ಡಾನ್ ರಾಯಭಾರ ಕಚೇರಿಯ ಮುಂದೆ ಬಾಂಬ್. 19ರಂದು ವಿಶ್ವಸಂಸ್ಥೆಯ ಕಚೇರಿ. ಇರಾಕಿನಲ್ಲಿ ವಿಶ್ವಸಂಸ್ಥೆಯ ಪ್ರತಿನಿಧಿಯಾಗಿದ್ದ ಸೆರ್ಜಿಯೊ ವಿಯೆರಾ ಡಿ ಮೆಲ್ಲೊ ಸೇರಿ 22 ಮಂದಿ ಸತ್ತರು. 29ರಂದು ನಜಫ್‌ನ ಪವಿತ್ರ ಮಸೀದಿಯ ಬಾಗಿಲಲ್ಲಿ ಶಿಯಾ ಧರ್ಮಗುರು ಮುಹಮ್ಮದ್ ಬಾಕಿರ್ ಅಲ್-ಹಕೀಮ್, ಅವರೊಡನೆ ಪ್ರಾರ್ಥನೆ ಮುಗಿಸಿ ಹೊರಬರುತ್ತಿದ್ದ ಹತ್ತಾರು ಜನ. ಮೊದಲು ಅರಬ್ ನೆರೆಯವರು, ಆಮೇಲೆ ನೆರವಿಗೆ ಬಂದವರು, ಕೊನೆಗೆ ಶಿಯಾಗಳು. ಈ ಅನುಕ್ರಮದಲ್ಲೇ ಜರ್ಕಾವಿಯ ಲೆಕ್ಕಾಚಾರವಿದೆ. ಶಿಯಾಗಳನ್ನು ಕೊಂದರೆ ಅವರು ಸುನ್ನಿಗಳ ಮೇಲೆ ಬೀಳುತ್ತಾರೆ, ಆಗ ಸುನ್ನಿಗಳಿಗೆ ತನ್ನ ಹೊರತು ಗತಿಯಿಲ್ಲ. ಬಿನ್ ಲಾಡೆನ್‌ಗೆ ಬರೆದ ಪತ್ರದಲ್ಲಿ ಇದನ್ನು ಅವನೇ ವಿವರಿಸಿದ್ದಾನೆ. ಅಮೆರಿಕನ್ನರ ಕೈಗೆ ಸಿಕ್ಕಿ 2004ರ ಫೆಬ್ರವರಿಯಲ್ಲಿ ಅದು ಬಹಿರಂಗವಾಯಿತು. ಅದೇ ವರ್ಷ ಅಕ್ಟೋಬರಿನಲ್ಲಿ ಅವನು ಬಿನ್ ಲಾಡೆನ್‌ಗೆ ನಿಷ್ಠೆ ಘೋಷಿಸಿದ. ಅವನ ತಲೆಗೆ ಅಮೆರಿಕ 2.5 ಕೋಟಿ ಡಾಲರ್ ಬಹುಮಾನ ಕಟ್ಟಿತ್ತು. ಬಿನ್ ಲಾಡೆನ್ ತಲೆಗೆ ಕಟ್ಟಿದ್ದಷ್ಟೇ ಮೊತ್ತ! ಅದನ್ನು ಬಹುಮಾನ ಎನ್ನಬೇಕೋ ಬಡ್ತಿ ಎನ್ನಬೇಕೋ?

ಧರ್ಮದ ಮಾತು ಎತ್ತಲೇ ಇಲ್ಲವಲ್ಲ ಎನ್ನುವವರು ಇದ್ದೇ ಇರುತ್ತೀರಿ. ಎತ್ತುತ್ತೇನೆ. ತನ್ನ ದಾರಿಗೆ ಬಾರದ ಮುಸ್ಲಿಮನು ಮುಸ್ಲಿಮನೇ ಅಲ್ಲ, ಆದ್ದರಿಂದ ಅವನನ್ನು ಕೊಲ್ಲಬಹುದು ಎಂಬುದು ಜರ್ಕಾವಿಯ ನಂಬಿಕೆ. ಆ ನಂಬಿಕೆಯನ್ನು ತಳ್ಳಿಹಾಕಿದವರು ಯಾರು ಗೊತ್ತೇ? ಅವನ ಗುರು ಮಕ್ದಿಸಿಯೇ ಜೈಲಿನಿಂದ ಆಕ್ಷೇಪ ಬರೆದ. ಅಲ್-ಕೈದಾದ ಎರಡನೆಯ ನಾಯಕ ಅಲ್-ಜವಾಹಿರಿ 2005ರ ಜುಲೈನಲ್ಲಿ ಪತ್ರ ಬರೆದು, ಸಾಮಾನ್ಯ ಶಿಯಾಗಳನ್ನೇಕೆ ಕೊಲ್ಲುತ್ತೀಯೆ, ಕತ್ತು ಕೊಯ್ಯುವ ದೃಶ್ಯಗಳೇಕೆ, ಮುಸ್ಲಿಮರೇ ನಮ್ಮಿಂದ ದೂರವಾಗುತ್ತಾರೆ ಎಂದು ಎಚ್ಚರಿಸಿದ. ಅದೇ ತಿಂಗಳು 50 ದೇಶಗಳ ಸುಮಾರು 200 ಮುಸ್ಲಿಂ ವಿದ್ವಾಂಸರು ಅಮ್ಮಾನ್‌ನಲ್ಲಿ ಸೇರಿ, ಒಬ್ಬ ಮುಸ್ಲಿಮನನ್ನು ಧರ್ಮಭ್ರಷ್ಟನೆಂದು ಹೀಗೆ ಸಾರುವ ಅಧಿಕಾರ ಯಾರಿಗೂ ಇಲ್ಲ ಎಂದು ನಿರ್ಣಯಿಸಿದರು. ಅವನ ಉತ್ತರ ನವೆಂಬರ್ 9ರಂದು ಬಂತು. ಅದೇ ಅಮ್ಮಾನ್‌ನಲ್ಲಿ ಒಂದೇ ರಾತ್ರಿ ಮೂರು ಹೋಟೆಲುಗಳ ಮೇಲೆ ಆತ್ಮಾಹುತಿ ದಾಳಿ, ಸುಮಾರು 60 ಸಾವು. ಒಂದು ಹೋಟೆಲಿನಲ್ಲಿ ಮದುವೆ ನಡೆಯುತ್ತಿತ್ತು. ಇನ್ನೊಂದರಲ್ಲಿ, ಇಸ್ಲಾಮಿನ ಆರಂಭದ ಕಥೆಯನ್ನು ತೆರೆಗೆ ತಂದಿದ್ದ ಸಿರಿಯಾ ಮೂಲದ ನಿರ್ದೇಶಕರೂ ಅವರ ಮಗಳೂ ಬಲಿಯಾದರು. ಜೋರ್ಡಾನಿನ ಜನ ಬೀದಿಗಿಳಿದು ಅವನಿಗೆ ಶಾಪ ಹಾಕಿದರು. ಸ್ವಂತ ಕುಲದವರು ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟು ಇವನಿಗೂ ನಮಗೂ ಸಂಬಂಧವಿಲ್ಲ ಎಂದು ಸಾರಿದರು. ಇದನ್ನು ನಮ್ಮ ಟಿ.ವಿ. ಚರ್ಚೆಗಳಲ್ಲಿ ಯಾರಾದರೂ ಹೇಳಿದ್ದನ್ನು ನಾನಂತೂ ಕೇಳಿಲ್ಲ.

ಇನ್ನು, ನಾನು ತರಗತಿಯಲ್ಲಿ ಎಂದೂ ಬಿಡದೆ ಹೇಳುತ್ತಿದ್ದ ಪ್ರಸಂಗಕ್ಕೆ ಬರುತ್ತೇನೆ. 2006ರ ಏಪ್ರಿಲ್. ಅಲ್ಲಿಯವರೆಗೆ ಧ್ವನಿಮುದ್ರಿಕೆಗಳಲ್ಲಿ ಮಾತ್ರ ಕೇಳಿಸುತ್ತಿದ್ದ ಜರ್ಕಾವಿ ಮೊದಲ ಬಾರಿ ಮುಖ ತೋರಿಸಿ ಒಂದು ವಿಡಿಯೊ ಬಿಟ್ಟ. ಕಪ್ಪು ಬಟ್ಟೆ, ತಲೆಗೆ ಕಪ್ಪು ಟೋಪಿ, ದಟ್ಟ ಗಡ್ಡ. ಒಂದು ಕಾಲನ್ನೇ ಕತ್ತರಿಸಿದ್ದಾರೆ ಎಂದು ಅಮೆರಿಕದ ಅಧಿಕಾರಿಗಳು ಹಿಂದೊಮ್ಮೆ ಹೇಳಿದ್ದ ಈ ಮನುಷ್ಯ ಎರಡೂ ಕಾಲಿನ ಮೇಲೆ ಗಟ್ಟಿಯಾಗಿ ನಿಂತು, ಅಮೆರಿಕನ್ ಮಷಿನ್ ಗನ್ ಹಿಡಿದು ಮರಳುಗಾಡಿನತ್ತ ಗುಂಡಿನ ಮಳೆ ಸುರಿಸುತ್ತಾನೆ. ನೋಡಿದವರು ಬೆಚ್ಚಿದರು.

ಆ ವಿಡಿಯೊ ತಯಾರಾಗುವಾಗ ಕತ್ತರಿಸಿ ಎಸೆದ ತುಣುಕುಗಳು ಒಂದು ದಾಳಿಯಲ್ಲಿ ಅಮೆರಿಕನ್ ಸೈನಿಕರಿಗೆ ಸಿಕ್ಕಿದವು. ಮೇ 4ರಂದು ಸೇನೆಯ ವಕ್ತಾರರು ಪತ್ರಕರ್ತರನ್ನು ಕೂಡಿಸಿ ಅದನ್ನು ಬಿತ್ತರಿಸಿದರು. ಏನಿತ್ತು ಅದರಲ್ಲಿ? ಮಹಾ ಸೇನಾನಿ ಬಂದೂಕಿನ ಕುದುರೆ ಒತ್ತುತ್ತಾನೆ. ಒಂದೇ ಗುಂಡು ಹಾರುತ್ತದೆ. ಮತ್ತೆ ಒತ್ತುತ್ತಾನೆ. ಮತ್ತೆ ಒಂದೇ. ಬಂದೂಕನ್ನು ಆ ಕಡೆ ಈ ಕಡೆ ತಿರುಗಿಸಿ ನೋಡುತ್ತಾನೆ, ಏನೂ ತೋಚುವುದಿಲ್ಲ. ಒಬ್ಬ ಶಿಷ್ಯ ಬಂದು ಏನೋ ಸರಿಪಡಿಸಿ ಕೊಟ್ಟ ಮೇಲೆ ಗುಂಡಿನ ಮಳೆ! ಅದು ಮುಗಿದು ಬಂದೂಕನ್ನು ಕೊಡುವಾಗ, ಇನ್ನೊಬ್ಬ ಬುದ್ಧಿವಂತ ಕಾದು ಕೆಂಡವಾದ ಅದರ ನಳಿಕೆಯನ್ನೇ ಹಿಡಿದು ಕೈ ಸುಟ್ಟುಕೊಳ್ಳುತ್ತಾನೆ. ನಾಯಕ ಗತ್ತಿನಿಂದ ವಾಹನದ ಕಡೆ ನಡೆಯುತ್ತಾನೆ; ಅಮೆರಿಕವನ್ನು ನಾಶ ಮಾಡುತ್ತೇನೆಂದವನ ಕಾಲಲ್ಲಿ ಅಮೆರಿಕನ್ ಕಂಪನಿಯ ಬಿಳಿ ಓಟದ ಬೂಟು!

ತರಗತಿಯಲ್ಲಿ ಹುಡುಗರು ನಗುತ್ತಿದ್ದರು. ಆ ದಿನ ಬಾಗ್ದಾದಿನ ವಕ್ತಾರರ ಉದ್ದೇಶವೂ ನಗಿಸುವುದೇ. ಆದರೆ ಅಮೆರಿಕದ ಕೆಲವು ಸೇನಾಧಿಕಾರಿಗಳೇ ಗೊಣಗಿದರು: ಆ ಮಷಿನ್ ಗನ್ ಅಭ್ಯಾಸವಿಲ್ಲದವರ ಕೈಯಲ್ಲಿ ಹಾಗೆ ಕಚ್ಚಿಕೊಳ್ಳುವುದು ಸಹಜ, ಇದರಲ್ಲಿ ಹಂಗಿಸುವುದೇನಿದೆ? ನನ್ನ ಪ್ರಶ್ನೆ ಬೇರೆ. ಇದೇ ಸೇನೆ ಹಿಂದಿನ ಎರಡು ವರ್ಷ ಪ್ರಚಾರ ಯೋಜನೆ ಮಾಡಿ, ಇರಾಕಿನ ಹಿಂಸೆಗೆಲ್ಲ ಮುಖ್ಯ ಕಾರಣ ಈ ಹೊರಗಿನವನೇ ಎಂದು ಅವನನ್ನು ಊದಿ ದೊಡ್ಡದು ಮಾಡಿತ್ತು. ಅದು ಅದೇ ಏಪ್ರಿಲಿನಲ್ಲಿ ಅಮೆರಿಕದ ಪತ್ರಿಕೆಯಲ್ಲೇ ವರದಿಯಾಯಿತು. ಇರಾಕಿಗಳ ಸಿಟ್ಟಿಗೆ ಒಬ್ಬ ವಿದೇಶಿ ಖಳನಾಯಕನ ಮುಖವಿಟ್ಟರೆ ಉತ್ತರ ಹೇಳುವುದು ಸುಲಭ. ದೊಡ್ಡವನನ್ನಾಗಿ ಮಾಡಿದವರೂ ಅವರೇ, ಈಗ ಎಷ್ಟು ಸಣ್ಣವನು ನೋಡಿ ಎಂದವರೂ ಅವರೇ. ಬಂದೂಕು ಬಿಡಿಸಲು ಬಾರದವನು ಒಂದು ದೇಶವನ್ನು ಅಂತರ್ಯುದ್ಧಕ್ಕೆ ತಳ್ಳಿದ ಎಂದರೆ ಅವನ ಬಲ ಬಂದೂಕಿನದಲ್ಲ. ಅವನು ನಿಂತ ನೆಲದ್ದು. ಆ ನೆಲವನ್ನು ತೆರವು ಮಾಡಿಕೊಟ್ಟವರು ಬೇರೆಯವರು.

2006ರ ಜೂನ್ 7ರಂದು ಇರಾಕಿನ ಬಾಕುಬಾ ಬಳಿಯ ಹಿಬ್‌ಹಿಬ್ ಎಂಬಲ್ಲಿ ಎಫ್-16 ವಿಮಾನ ಎರಡು ಬಾಂಬ್ ಹಾಕಿತು. ಅವನು ಸತ್ತ. ಮರುದಿನ ಪತ್ರಿಕಾಗೋಷ್ಠಿಯಲ್ಲಿ ಅವನ ಹೆಣದ ಮುಖದ ದೊಡ್ಡ ಫೋಟೋವನ್ನು ಚೌಕಟ್ಟು ಹಾಕಿಸಿ ಇಟ್ಟಿದ್ದರು! ಚೌಕಟ್ಟು ಏಕೆ ಬೇಕಿತ್ತೋ ಇಂದಿಗೂ ನನಗೆ ಅರ್ಥವಾಗಿಲ್ಲ.

ಬಂದೂಕಿನ ಕಥೆಯಲ್ಲಿ ಸಮಯ ಹೋಯಿತು, ಉಳಿದದ್ದನ್ನು ಬೇಗ ಮುಗಿಸುತ್ತೇನೆ. ನಾಲ್ಕೇ ತಿಂಗಳಲ್ಲಿ, ಅಕ್ಟೋಬರಿನಲ್ಲಿ, ಅವನ ಗುಂಪಿನವರು ‘ಇಸ್ಲಾಮಿಕ್ ಸ್ಟೇಟ್ ಆಫ್ ಇರಾಕ್’ ಎಂದು ಹೆಸರಿಟ್ಟುಕೊಂಡರು. ಮುಂದೆ ಐಸಿಸ್ ಆದದ್ದು ಇದೇ. ಅದರ ನಾಯಕರಿಬ್ಬರು 2010ರ ಏಪ್ರಿಲಿನಲ್ಲಿ ಹತರಾದ ಮೇಲೆ ಬಂದವನು ಅಬು ಬಕ್ರ್ ಅಲ್-ಬಾಗ್ದಾದಿ. 2004ರಲ್ಲಿ ಅಮೆರಿಕನ್ನರೇ ಅವನನ್ನು ಹಿಡಿದು ಬುಕ್ಕಾ ಎಂಬ ಸೆರೆಶಿಬಿರದಲ್ಲಿಟ್ಟು, ವರ್ಷ ಮುಗಿಯುವ ಮೊದಲೇ ಬಿಟ್ಟಿದ್ದರು. ಅಲ್-ಜಫ್ರ್ ಜೈಲಿನ ತಪ್ಪೇ ಇಲ್ಲೂ ನಡೆಯಿತು, ಹತ್ತಾರು ಪಟ್ಟು ದೊಡ್ಡದಾಗಿ. ಉಗ್ರರನ್ನೂ ಕೆಲಸ ಕಳೆದುಕೊಂಡ ಸದ್ದಾಂ ಕಾಲದ ಅಧಿಕಾರಿಗಳನ್ನೂ ಒಂದೇ ಬೇಲಿಯೊಳಗೆ ತುಂಬಿದರು. ಸಿರಿಯಾದ ಅಂತರ್ಯುದ್ಧ ಇನ್ನಷ್ಟು ಜಾಗ ಕೊಟ್ಟಿತು. 2014ರ ಜೂನ್‌ನಲ್ಲಿ ಇರಾಕಿನ ಮೊಸುಲ್ ನಗರ ಐಸಿಸ್ ಕೈಗೆ ಬಿತ್ತು, ತಿಂಗಳ ಕೊನೆಗೆ ಖಿಲಾಫತ್, ಅಂದರೆ ಖಲೀಫನ ಆಳ್ವಿಕೆ, ಘೋಷಣೆಯಾಯಿತು. ಅಲ್ಲಿ ಕೂಲಿಗೆ ಹೋಗಿದ್ದ 39 ಭಾರತೀಯರನ್ನು ಕೊಂದರು, ಹೆಚ್ಚಿನವರು ಪಂಜಾಬಿನವರು. ಅವರ ಸಾವು ಸಂಸತ್ತಿನಲ್ಲಿ ದೃಢಪಟ್ಟದ್ದು 2018ರ ಮಾರ್ಚಿನಲ್ಲಿ. 2015ರಲ್ಲಿ ಲಿಬಿಯಾದ ಸಿರ್ತ್ ನಗರದ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ ನಾಲ್ವರು ಭಾರತೀಯರ ಅಪಹರಣವಾಯಿತು. ಅವರಲ್ಲಿ ಇಬ್ಬರು ನಮ್ಮ ಕರ್ನಾಟಕದವರು. ಪುಣ್ಯಕ್ಕೆ ಆ ಇಬ್ಬರು ಎರಡೇ ದಿನದಲ್ಲಿ ಬಿಡುಗಡೆಯಾದರು.

2019ರ ಮಾರ್ಚಿನಲ್ಲಿ ಸಿರಿಯಾದ ಬಾಗೂಜ್‌ನಲ್ಲಿ ಐಸಿಸ್‌ನ ಕೊನೆಯ ತುಂಡು ನೆಲವೂ ಹೋಯಿತು. ಅಕ್ಟೋಬರಿನಲ್ಲಿ ಬಾಗ್ದಾದಿಯೂ ಸತ್ತ. ಎಲ್ಲರೂ ಸಂಭ್ರಮಿಸಿದರು. ಆದರೆ ಅದೇ ವರ್ಷ ಸಿರಿಯಾದ ಅಲ್-ಹೋಲ್ ಶಿಬಿರದಲ್ಲಿ, ಐಸಿಸ್ ನೆಲದಿಂದ ಹೊರಬಂದ 70 ಸಾವಿರಕ್ಕೂ ಹೆಚ್ಚು ಜನರನ್ನು ಬೇಲಿಯೊಳಗೆ ಕೂಡಿಹಾಕಿದರು, ಬಹುಪಾಲು ಹೆಂಗಸರು, ಮಕ್ಕಳು. ತಮ್ಮ ದೇಶದ ಮಕ್ಕಳನ್ನು ವಾಪಸು ಕರೆಸಿಕೊಳ್ಳಲು ಎಷ್ಟೋ ಸರ್ಕಾರಗಳು ವರ್ಷಗಟ್ಟಲೆ ಮೀನಮೇಷ ಎಣಿಸಿದವು. ಅಲ್-ಜಫ್ರ್, ಬುಕ್ಕಾ, ಆಮೇಲೆ ಅಲ್-ಹೋಲ್. ಅದರ ಬಗ್ಗೆಯೇ ಇನ್ನೊಂದು ಭಾಷಣವಾಗಬೇಕು. ನಿಲಯದವರು ಮತ್ತೆ ಕರೆದರೆ, ಮಷಿನ್ ಗನ್ ಪ್ರಸಂಗವನ್ನು ಬಿಟ್ಟು ಮಾತನಾಡುತ್ತೇನೆ.

ನಮಸ್ಕಾರ.