ಮಲಗಿದ ಮುಳ್ಳು

ಕೇಳುಗರೆಲ್ಲರಿಗೂ ನಮಸ್ಕಾರ.

ಹೋದ ಬೇಸಿಗೆಯಲ್ಲಿ ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಹೊರಟಿದ್ವಿ. ಆನಗೋಡು ದಾಟಿ ಭರಮಸಾಗರ ಬರುವಷ್ಟರಲ್ಲಿ, ಕಾರಿನ ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಅಂತ ತೋರಿಸುವ ಆರ್‌ಪಿಎಂ ಮೀಟರಿನ ಮುಳ್ಳು ಸೊನ್ನೆಗೆ ಬಿದ್ದು ಮಲಗಿಬಿಟ್ಟಿತು. ನಮ್ಮ ಮನೆಯವರಿಗೆ ಗಾಬರಿ: “ಏನ್ರೀ, ಇಂಜಿನ್ನೇ ನಿಂತೈತಲ್ಲ!” ಪಕ್ಕದ ಮುಳ್ಳು 80ರ ವೇಗ ತೋರಿಸುತ್ತಿತ್ತು. “ನಿಂತಿದ್ರೆ ನಾವ್ ಹೆಂಗ ಹೊಂಟೀವಿ?” ಅಂದೆ. ಆ ನಗೆಮಾತಿನಲ್ಲೇ ಅರ್ಧ ಉತ್ತರ ಇತ್ತು ಅಂತ ಆಗ ನನಗೂ ಹೊಳೆದಿರಲಿಲ್ಲ.

ದುರ್ಗದ ಒಂದು ಗ್ಯಾರೇಜಿನ ಹುಡುಗ ಬಗ್ಗಿ ನೋಡಿ, “ಮೀಟರ್ ಬೋರ್ಡ್ ಹೋಗೈತಿ ಸರ್, ಬೇರೆ ಹಾಕ್ಸಿಬಿಡ್ರಿ, ಹಳೇದಾದ್ರೂ ನಡೀತೈತಿ” ಅಂದ. ಬಿಚ್ಚಲಿಲ್ಲ, ಒಂದು ವೈರೂ ಮುಟ್ಟಲಿಲ್ಲ. ಹಳೇದು ಹಾಕಿಸುವ ಮಾತಿಗೆ ಮಾತ್ರ ಒಪ್ಪಬೇಡಿ. ಎಷ್ಟೋ ಕಾರುಗಳಲ್ಲಿ ಓಡಿದ ಕಿಲೋಮೀಟರಿನ ಲೆಕ್ಕ ಆ ಬೋರ್ಡಿನಲ್ಲೇ ಇರುತ್ತದೆ. ಯಾರದೋ ಓಡಾಟ ನಿಮ್ಮ ಗಾಡಿಯ ತಲೆಗೆ ಬರುತ್ತದೆ.

ಈ ಮುಳ್ಳಿಗೆ ಸುದ್ದಿ ಎಲ್ಲಿಂದ ಬರುತ್ತದೆ? ಹಳೇ ಪೆಟ್ರೋಲ್ ಕಾರುಗಳಲ್ಲಿ ಕಿಡಿ ಹಾರಿಸುವ ಇಗ್ನಿಷನ್ ಕಾಯಿಲಿನಿಂದ ಒಂದು ವೈರ್ ಬರುತ್ತಿತ್ತು. ನಾಲ್ಕು ಸಿಲಿಂಡರಿನ ಇಂಜಿನ್ನಿಗೆ ಒಂದು ಸುತ್ತಿಗೆ ಎರಡು ಕಿಡಿ. 900 ಆರ್‌ಪಿಎಂ ಅಂದರೆ ಸೆಕೆಂಡಿಗೆ 30 ಕಿಡಿ. ಮೀಟರು ಅದನ್ನೇ ಎಣಿಸುತ್ತಿತ್ತು. ಈಗಿನ ಕಾರುಗಳಲ್ಲಿ ಕ್ರ್ಯಾಂಕ್ ಸೆನ್ಸರು ಇಂಜಿನ್ ಜೊತೆ ತಿರುಗುವ ಹಲ್ಲುಚಕ್ರವೊಂದನ್ನು ಓದಿ ಇಸಿಯುಗೆ, ಅಂದರೆ ಇಂಜಿನ್ ನಡೆಸುವ ಕಂಪ್ಯೂಟರಿಗೆ, ಹೇಳುತ್ತದೆ, ಇಸಿಯು ಮೀಟರ್ ಬೋರ್ಡಿಗೆ ಹೇಳುತ್ತದೆ, ಬೋರ್ಡು ಒಂದು ಪುಟ್ಟ ಮೋಟರಿನಿಂದ ಮುಳ್ಳು ತಿರುಗಿಸುತ್ತದೆ. ಕಿಡಿ ಯಾವಾಗ ಹಾರಿಸಬೇಕು ಅನ್ನುವುದಕ್ಕೂ ಇಸಿಯುಗೆ ಅದೇ ಸೆನ್ಸರ್ ಬೇಕು. ಅದು ಸತ್ತರೆ ಸಾಮಾನ್ಯವಾಗಿ ಗಾಡಿಯೇ ನಿಲ್ಲುತ್ತದೆ. ನಮ್ಮದು ನಿಂತಿರಲಿಲ್ಲವಲ್ಲ!

ಊರಿಗೆ ಬಂದು, ಸ್ಟೀರಿಂಗ್ ಕೆಳಗಿನ ಸಾಕೆಟ್ಟಿಗೆ, ಇಸಿಯು ಹೇಳುವುದನ್ನು ಓದಿ ತೋರಿಸುವ ಸ್ಕ್ಯಾನರ್ ಚುಚ್ಚಿದೆ. ಅದರಲ್ಲಿ 820 ಆರ್‌ಪಿಎಂ, ಇಲ್ಲಿ ಮುಳ್ಳು ಸೊನ್ನೆ. ಇಸಿಯುವರೆಗೆ ಸುದ್ದಿ ಸರಿಯಾಗೇ ಬರುತ್ತಿದೆ ಅಂತಾಯಿತು. ಇಂಜಿನ್ ಆಫ್ ಮಾಡಿ ಮತ್ತೆ ಕೀ ತಿರುಗಿಸಿದೆ. ನಮ್ಮ ಗಾಡಿಯಲ್ಲಿ ಆಗ ಮುಳ್ಳುಗಳೆಲ್ಲ ಒಮ್ಮೆ ತುದಿಯವರೆಗೆ ಹೋಗಿ ವಾಪಸ್ ಬರುತ್ತವೆ. ಇದೊಂದು ಇದ್ದಲ್ಲೇ ನಡುಗಿ ಸುಮ್ಮನಾಯಿತು. ಉಳಿದವು ಕುಣಿದ ಮೇಲೆ ಫ್ಯೂಸು, ಅರ್ತಿಂಗ್ ಮೇಲಿನ ಅನುಮಾನ ಬಿಟ್ಟೆ. ಮಜಾ ಏನಂದರೆ, ಮರುದಿನ ಬೆಳಗಿನ ತಂಪಿನಲ್ಲಿ ಅದೂ ಕುಣಿಯಿತು! ಒಂದು ತಾಸು ಬಿಸಿಲಿಗೆ ನಿಲ್ಲಿಸಿದೆ, ಮತ್ತೆ ಮಲಗಿತು. ಕಾವಿಗೆ ಕೈಕೊಡುವುದು ಬಿರುಕು ಬಿಟ್ಟ ಬೆಸುಗೆಯ ಚಾಳಿ.

ರೇಡಿಯೋ ರಿಪೇರಿ ಮಾಡುವ ಗೆಳೆಯನೊಬ್ಬನಿದ್ದಾನೆ. ಬ್ಯಾಟರಿ ಟರ್ಮಿನಲ್ ತೆಗೆದು, ಬೋರ್ಡು ಬಿಚ್ಚಿ ಅವನ ಮುಂದಿಟ್ಟೆ. ಭೂತಗನ್ನಡಿ ಹಿಡಿದರೆ, ಮೋಟರಿನ ನಾಲ್ಕು ಪಿನ್ನುಗಳಲ್ಲಿ ಒಂದರ ಸುತ್ತ ಕೂದಲೆಳೆಯಷ್ಟು ಬಿರುಕು. ಮುಳ್ಳು ಕೀಳಲು ಮಾತ್ರ ನಾನು ಬಿಡಲಿಲ್ಲ. ಕಿತ್ತು ವಾಪಸ್ ಕೂರಿಸುವಾಗ ಚೂರು ತಪ್ಪಿದರೂ ಇನ್ನೂರು ಮುನ್ನೂರು ಆಚೀಚೆ ತೋರಿಸುತ್ತದೆ. ಹಿಂದಿನಿಂದಲೇ ಹೊಸ ಬೆಸುಗೆ ಹಾಕಿದ. ದುಡ್ಡು ಕೊಡಹೋದರೆ ಬೈದ. ಮಂಡಕ್ಕಿ, ಮಿರ್ಚಿ ಕೊಡಿಸಿ ಬಂದೆ.