ರೋಗಿಗಿಂತ ಮೊದಲು ಇಸಿಜಿ ಹೊರಡಲಿ

ಎಲ್ಲರಿಗೂ ನಮಸ್ಕಾರ. ಆಸ್ಪತ್ರೆಯಲ್ಲಿ ತಂತ್ರಜ್ಞಾನ, ಇದು ಇವತ್ತಿನ ವಿಷಯ. ಇಲ್ಲಿ ನರ್ಸಿಂಗ್ ವಿದ್ಯಾರ್ಥಿಗಳೇ ಜಾಸ್ತಿ ಇದ್ದೀರಿ. ಹಾಗಾಗಿ ರೋಬೋಟ್ ಸರ್ಜರಿಯ ಮಾತು ಬಿಟ್ಟು, ನೇರವಾಗಿ ಸುಬ್ರಹ್ಮಣ್ಯದ ಕಡೆಗೆ ಹೋಗೋಣ.

ರಾತ್ರಿ ಹೊತ್ತು ಒಬ್ಬರು ಎದೆನೋವು ಅಂತ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಬರುತ್ತಾರೆ. ಗ್ಯಾಸ್ಟ್ರಿಕ್ ಇರಬೇಕು ಅಂತ ಮನೆಯಲ್ಲಿ ಆಗಲೇ ಸೋಡಾ ಕುಡಿಸಿರುತ್ತಾರೆ. ಮಂಗಳೂರು ಅಲ್ಲಿಂದ ಸುಮಾರು 100 ಕಿಲೋಮೀಟರ್. ಹೃದಯದ ರಕ್ತನಾಳ ಪೂರ್ತಿ ಮುಚ್ಚಿದ್ದರೆ ಆ ದಾರಿಯುದ್ದಕ್ಕೂ ಸ್ನಾಯು ಸಾಯುತ್ತಲೇ ಇರುತ್ತದೆ. ಹೆಪ್ಪು ಕರಗಿಸುವ ಇಂಜೆಕ್ಷನ್ ಇದೆ. ಆದರೆ ಇಸಿಜಿ, ಅಂದರೆ ಹೃದಯದ ವಿದ್ಯುತ್ ಚಟುವಟಿಕೆಯ ಗ್ರಾಫ್, ನೋಡದೆ ಕೊಡುವ ಹಾಗಿಲ್ಲ. ಮೊದಲ ಒಂದೆರಡು ಗಂಟೆಯೊಳಗೆ ಕೊಟ್ಟರೆ ಲಾಭ ಜಾಸ್ತಿ, 12 ಗಂಟೆ ದಾಟಿದರೆ ಸಾಮಾನ್ಯವಾಗಿ ಪ್ರಯೋಜನವಿಲ್ಲ.

ನಮ್ಮ ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಈ ದೂರವನ್ನೇ ಹಿಡಿದುಕೊಂಡರು. 2018ರಲ್ಲಿ ಶುರುವಾದ 'ಕಾರ್ಡಿಯಾಲಜಿ ಅಟ್ ಡೋರ್‌ಸ್ಟೆಪ್' ಮೂಲಕ ಹಳ್ಳಿಗಳ ಆಸ್ಪತ್ರೆಗಳಿಗೆ ಇಸಿಜಿ ಯಂತ್ರಗಳು ಹೋದವು. ಅಲ್ಲಿ ತೆಗೆದ ಇಸಿಜಿಯ ಫೋಟೋ ವಾಟ್ಸ್‌ಆ್ಯಪ್ ಗುಂಪಿಗೆ ಬರುತ್ತದೆ, ತಜ್ಞರು ನೋಡಿ ಉತ್ತರಿಸುತ್ತಾರೆ. ಹೊಸ ಆ್ಯಪ್ ಕಲಿಯುವ ಗೋಜೇ ಇಲ್ಲ. ನನಗೆ ತುಂಬಾ ಇಷ್ಟವಾಗುವುದು ಅದೇ. ಈಗ ರಾಜ್ಯ ಸರ್ಕಾರದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲೂ ತಾಲೂಕು ಆಸ್ಪತ್ರೆಯ ಇಸಿಜಿ ದೊಡ್ಡ ಕೇಂದ್ರಕ್ಕೆ ಹೋಗುತ್ತದೆ. ಬೇಕಾದವರಿಗೆ ಅಲ್ಲೇ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತ.

ಇಷ್ಟೆಲ್ಲ ನಿಂತಿರುವುದು ನಿಮ್ಮ ಕೈಗಳ ಮೇಲೆ. ಬಲಗೈ, ಎಡಗೈಗೆ ಹಾಕುವ ಲೀಡ್, ಅಂದರೆ ಯಂತ್ರದ ತಂತಿ, ಅದಲುಬದಲಾದರೆ ಕಾಗದದಲ್ಲಿ 'ಲೀಡ್ 1' ಅಂತ ಬರುವ ಗ್ರಾಫ್ ತಲೆಕೆಳಗಾಗುತ್ತದೆ. ತಜ್ಞರು ಎಷ್ಟು ದೊಡ್ಡವರಾದರೂ ತಪ್ಪು ಗ್ರಾಫನ್ನೇ ನೋಡಬೇಕಾಗುತ್ತದೆ. ಫೋಟೋ ಮಸುಕಾಗಿದ್ದರೂ ಅಷ್ಟೇ. ಇನ್ನೊಂದು ಮಾತು: ಫೋಟೋ ಕಳಿಸಿ ಸುಮ್ನೆ ಕೂರಬೇಡಿ, ಫೋನ್ ಮಾಡಿ. ರೋಗಿಯ ಹೆಸರು, ನಂಬರ್ ಇರುವ ಕಾಗದ ಬೇರೆ ಗುಂಪಿಗೆ ಹೋಗದಂತೆ ನೋಡಿಕೊಳ್ಳಿ. ಅದು ಅವರ ಗುಟ್ಟು, ನಮ್ಮದಲ್ಲ.

ದೊಡ್ಡ ಆಸ್ಪತ್ರೆಯ ವಾರ್ಡಿನಲ್ಲೂ ಬದಲಾವಣೆ ಇದೆ. ಕೈಪಟ್ಟಿಯ ಬಾರ್‌ಕೋಡ್ ಸ್ಕ್ಯಾನ್ ಮಾಡಿದರೆ ಒಬ್ಬರ ಔಷಧ ಇನ್ನೊಬ್ಬರಿಗೆ ಹೋಗುವುದು ತಪ್ಪುತ್ತದೆ. ಪೆನಿಸಿಲಿನ್ ಅಲರ್ಜಿ ಇದ್ದರೆ ಕಂಪ್ಯೂಟರ್ ಎಚ್ಚರಿಸುತ್ತದೆ, ಆದರೆ ಯಾರಾದರೂ ಕೇಳಿ ಬರೆದಿದ್ದರೆ ಮಾತ್ರ ಅಲ್ವಾ? ಸಣ್ಣಪುಟ್ಟದ್ದಕ್ಕೆಲ್ಲ ಎಚ್ಚರಿಕೆ ಬರುತ್ತಾ ಇದ್ದರೆ ನಿಜವಾದದ್ದನ್ನೂ ನಾವು ಓದದೆ ಒತ್ತಿಬಿಡುತ್ತೇವೆ.

ಆಭಾ ಅನ್ನುವ 14 ಅಂಕಿಗಳ ಸರ್ಕಾರಿ ಆರೋಗ್ಯ ಗುರುತಿನ ಸಂಖ್ಯೆ ಇದ್ದರೆ ಹಳೆಯ ರಿಪೋರ್ಟ್‌ಗಳನ್ನು ಜೋಡಿಸಿಡಬಹುದು. ಸರ್ಕಾರದ ಆನ್‌ಲೈನ್ ವೈದ್ಯ ಸಲಹೆ ಸೇವೆ ಇ-ಸಂಜೀವಿನಿಯಲ್ಲಿ ಮನೆಯಿಂದಲೇ ಡಾಕ್ಟರನ್ನು ಕಾಣಬಹುದು. ಒಳ್ಳೆಯದೇ. ಆದರೆ ಬೆಳ್ತಂಗಡಿ ಕಡೆಯ, ತುಳು ಬಿಟ್ಟು ಬೇರೆ ಭಾಷೆ ಬಾರದ ಅಜ್ಜಿಯನ್ನು ನೆನೆಸಿಕೊಳ್ಳಿ. ಓಟಿಪಿ ಬರುವ ಫೋನ್ ದುಬೈಯಲ್ಲಿರುವ ಮಗನದ್ದು. ಆಕೆಗೆ ಚೀಟಿ ಮಾಡಿಸಲು ಕೌಂಟರಿನಲ್ಲಿ ಒಬ್ಬ ಮನುಷ್ಯ ಬೇಕೇ ಬೇಕು. ಆ ಕೆಲಸ ತೆಗೆಯುವ ತಂತ್ರಜ್ಞಾನವನ್ನು ನಾನು ಒಪ್ಪುವುದಿಲ್ಲ.

ಇಲ್ಲಿ ಆಡಳಿತದವರೂ ಇದ್ದೀರಿ, ನಿಮ್ಮಲ್ಲಿ ಒಂದು ಕೋರಿಕೆ. ಹೊಸ ಸಾಫ್ಟ್‌ವೇರ್ ಕೊಳ್ಳುವ ಮೊದಲು ಘಟ್ಟದ ಬುಡದ ಆರೋಗ್ಯ ಕೇಂದ್ರಗಳನ್ನು ನೋಡಿ. ಮಳೆಗಾಲದಲ್ಲಿ ಕರೆಂಟು ಹೋದಾಗ ನಡೆಯುವ ಬ್ಯಾಟರಿ ಇದೆಯಾ? ಇಸಿಜಿ ಪೇಪರ್ ಇದೆಯಾ? ರಾತ್ರಿ ಪಾಳಿಯ ಸಿಸ್ಟರ್‌ಗೆ ತರಬೇತಿ ಆಗಿದೆಯಾ? ಮೊದಲ ದುಡ್ಡು ಅಲ್ಲಿಗೆ ಹೋಗಲಿ.

ಪಕ್ಕದ ಲ್ಯಾಬಿನಲ್ಲಿ ಯಂತ್ರ ಇಟ್ಟಿದ್ದಾರೆ. ಬನ್ನಿ, ಹತ್ತು ಲೀಡ್‌ಗಳನ್ನು ಎಲ್ಲೆಲ್ಲಿ ಇಡಬೇಕು ಅಂತ ತೋರಿಸುತ್ತೇನೆ. ಪ್ರಶ್ನೆಗಳನ್ನೂ ಅಲ್ಲೇ ಕೇಳಿ.