ಬರೆದುಕೊಳ್ಳುವವರು ಇಲ್ಲದ ಸಂಜೆಗಳು

ಕೇಳುಗರೆಲ್ಲರಿಗೂ ನಮಸ್ಕಾರ.

ಕೈಲಾಸಂ ಅಂದ ಕೂಡಲೇ ನಿಮಗೆ ಯಾರು ನೆನಪಾಗುತ್ತಾರೆ? 'ಟೊಳ್ಳುಗಟ್ಟಿ'ಯ ಪುಟ್ಟು, ಮಾಧು ನೆನಪಾಗಬಹುದು. 'ಬಂಡ್ವಾಳ್ವಿಲ್ಲದ ಬಡಾಯಿ'ಯ ಅಹೋಬ್ಲು ನೆನಪಾಗಬಹುದು. ಹಾಡು ಕೇಳಿದವರಿಗೆ ಕೋಳಿಕೆ ರಂಗ ಬಂದೇ ಬರುತ್ತಾನೆ. ಇವರೆಲ್ಲ ನಮಗೆ ನೆಂಟರಿದ್ದ ಹಾಗೆ. ಆದರೆ ಇವತ್ತು ನಾನು ಮಾತಾಡಬೇಕು ಅಂದುಕೊಂಡಿರುವುದು ಇವರ ಬಗ್ಗೆ ಅಲ್ಲ. ಅದೇ ಕೈಲಾಸಂ ಬಾಯಲ್ಲಿ ಹೇಳಿ, ಕಾಗದಕ್ಕೆ ಬಾರದೆ ಹೋದ ನಾಟಕಗಳ ಬಗ್ಗೆ. ಮತ್ತೆ, ಅಚ್ಚಾಗಿದ್ದರೂ ನಾವು ತೆರೆದು ನೋಡದ ನಾಟಕಗಳ ಬಗ್ಗೆ.

ನಾವು ಸಾಮಾನ್ಯವಾಗಿ ಏನಂತೀವಿ? ಅವರು ನಾಟಕ ಬರೆದರು, ಇವರು ನಾಟಕ ಆಡಿದರು ಅಂತೀವಿ. ಕೈಲಾಸಂ ವಿಷಯದಲ್ಲಿ ಇನ್ನೊಂದು ಮಾತು ಬೇಕು. ಅವರು ನಾಟಕ ಹೇಳುತ್ತಿದ್ದರು. ಮೇಜಿನ ಮುಂದೆ ಕೂತು ಪೆನ್ನು ಹಿಡಿದು ಬರೆಯುವ ಜಾತಿಯೇ ಅವರದ್ದಲ್ಲ. ಗೆಳೆಯರು ಸುತ್ತ ಕೂತರೆ ಸಾಕು, ನಾಟಕ ಶುರು. ಅಪ್ಪನೂ ಅವರೇ, ಮಗನೂ ಅವರೇ, ಒಳಗಿಂದ ಕೂಗುವ ಅತ್ತೆಯೂ ಅವರೇ. ಎಲ್ಲ ದನಿಗಳೂ ಒಂದೇ ಗಂಟಲಿಂದ. ಕೇಳುತ್ತಾ ಕೂತವರಲ್ಲಿ ಯಾರಾದರೂ ಬರೆದುಕೊಂಡರೆ ಅದು ಉಳಿಯಿತು. ಆವತ್ತು ಬರೆದುಕೊಳ್ಳುವವರು ಇಲ್ಲದಿದ್ದರೆ, ಆ ಸಂಜೆ ಮುಗಿದ ಹಾಗೆ ನಾಟಕವೂ ಮುಗಿಯಿತು.

ನಾಟಕಕಾರರು ತಮ್ಮ ಕೃತಿಯನ್ನು ತಾವೇ ವಾಪಸ್ ತೆಗೆದುಕೊಳ್ಳುವುದುಂಟು. ಚೆನ್ನಾಗಿ ಬರಲಿಲ್ಲ, ಇನ್ನು ಆಡುವುದು ಬೇಡ ಅಂತ ಪೆಟ್ಟಿಗೆಗೆ ಹಾಕಿಬಿಡುತ್ತಾರೆ. ಕೈಲಾಸಂ ಹಾಗೆ ಮಾಡಿದವರಲ್ಲ. ಅವರ ಪೆಟ್ಟಿಗೆ ಅಂದರೆ ಅವರ ತಲೆಯೇ. ಅದಕ್ಕೇ ನನಗೆ ಜಾಸ್ತಿ ಸಂಕಟ. ಪೆಟ್ಟಿಗೆಯಲ್ಲಿ ಇಟ್ಟದ್ದನ್ನು ಇನ್ನೊಬ್ಬರು ತೆಗೆಯಬಹುದು, ಅಲ್ವಾ?

ಅವರ ಹಿನ್ನೆಲೆಯನ್ನು ಎರಡು ಮಾತಲ್ಲಿ ಹೇಳಿಬಿಡುತ್ತೇನೆ. ತಂದೆ ಪರಮಶಿವ ಅಯ್ಯರ್, ಮೈಸೂರು ಸಂಸ್ಥಾನದಲ್ಲಿ ನ್ಯಾಯಾಧೀಶರು. ಮನೆಮಾತು ತಮಿಳು. ಓದಿದ್ದು ಭೂವಿಜ್ಞಾನ, ಅದೂ ಲಂಡನ್ನಿನಲ್ಲಿ, ಸರ್ಕಾರದ ಸ್ಕಾಲರ್‌ಷಿಪ್ ಮೇಲೆ. ಕಲ್ಲುಮಣ್ಣಿನ ಶಾಸ್ತ್ರ ಕಲಿಯಲು ಹೋದವರು ಅಲ್ಲಿನ ನಾಟಕಗಳಿಗೆ, ಹಾಡುಗಳಿಗೆ ಕಿವಿ ಕೊಟ್ಟು ಬಂದರು. ಊರಿಗೆ ಬಂದ ಮೇಲೆ ಭೂವಿಜ್ಞಾನ ಇಲಾಖೆಯ ಕೆಲಸ ಸಿಕ್ಕಿತು. ಅದನ್ನೂ ಬಿಟ್ಟರು.

ಕಿವಿ ಅಂದೆನಲ್ಲ, ಅದನ್ನು ಹತ್ತಿರದಿಂದ ನೋಡೋಣ. ಅವರ ನಾಟಕಗಳ ಹೆಸರುಗಳನ್ನೇ ತೆಗೆದುಕೊಳ್ಳಿ. 'ತಾಳೀ ಕಟ್ಟೋಕ್ಕೂಲೀನೇ'. ವ್ಯಾಕರಣದ ಪ್ರಕಾರ ಬರೆದರೆ ಅದು 'ತಾಳಿ ಕಟ್ಟುವುದಕ್ಕೆ ಕೂಲಿಯೇ' ಅಂತ ಆಗಬೇಕು. ಹಾಗೆ ಬರೆದು ನೋಡಿ, ನಾಟಕ ಸತ್ತೇ ಹೋಗುತ್ತದೆ! 'ಕಟ್ಟೋಕ್ಕೂಲೀನೇ' ಅನ್ನುವಾಗ ಆ 'ಕ್ಕೂ' ಹತ್ತಿರ ದನಿ ಏರುತ್ತದೆ. ವರದಕ್ಷಿಣೆ ಕೇಳುವವರ ಮುಖಕ್ಕೆ ಹೊಡೆದ ಹಾಗೆ ಕೇಳುತ್ತದೆ. 'ಗಂಡಸ್ಕತ್ರಿ' ನೋಡಿ, 'ನಮ್ಮ ಬ್ರಾಹ್ಮಣ್ಕೆ' ನೋಡಿ. ಮಾತು ಬಾಯಿಂದ ಹೇಗೆ ಬೀಳುತ್ತದೋ ಹಾಗೇ ಅಕ್ಷರಕ್ಕೆ ಇಳಿದಿದೆ. ಬರೆದುಕೊಂಡವರು ಬರೀ ಪದಗಳನ್ನು ಹಿಡಿದಿಲ್ಲ, ಉಸಿರನ್ನೂ ಹಿಡಿದಿದ್ದಾರೆ. ಅವರಿಗೆ ನಾವು ಋಣಿಗಳಾಗಿರಬೇಕು.

ಆದರೂ ಒಂದು ಮಾತು ಗಮನಿಸಿ. ಬಾಯಲ್ಲಿ ಹೇಳುವ ನಾಟಕ ದಿನದಿನಕ್ಕೂ ಒಂದೇ ಥರ ಇರುವುದಿಲ್ಲ. ಎದುರಿಗೆ ಕೂತವರು ನಕ್ಕರೆ ಆ ಮಾತು ಬೆಳೆಯುತ್ತದೆ. ಸುಮ್ಮನಿದ್ದರೆ ಅಲ್ಲೇ ನಿಲ್ಲುತ್ತದೆ. ಹಾಗಾಗಿ ಇವತ್ತು ನಮ್ಮ ಕೈಯಲ್ಲಿರುವ ಪುಸ್ತಕ ಯಾವುದೋ ಒಂದು ದಿನದ, ಯಾರೋ ಒಬ್ಬರ ಕಿವಿಗೆ ಬಿದ್ದ ನಾಟಕ. ಉಳಿದ ದಿನಗಳ ನಾಟಕ ನಮಗೆ ಸಿಕ್ಕಿಲ್ಲ.

ಇನ್ನು ಅಚ್ಚಾಗಿಯೂ ಮರೆಗೆ ಸರಿದವು. ಕೈಲಾಸಂ ಇಂಗ್ಲಿಷಿನಲ್ಲೂ ನಾಟಕ ಕಟ್ಟಿದ್ದಾರೆ ಅಂತ ಹೇಳಿದರೆ ಈಗಲೂ ಎಷ್ಟೋ ಜನ ಹೌದಾ ಅಂತಾರೆ. ಅವುಗಳಲ್ಲಿ ನಗುವಿಲ್ಲ. ಎಲ್ಲ ರಾಮಾಯಣ, ಮಹಾಭಾರತದ ಕಥೆಗಳು. 1933ರಲ್ಲಿ 'ಲಿಟ್ಲ್ ಲೇಸ್ ಅಂಡ್ ಪ್ಲೇಸ್' ಅನ್ನುವ ಪುಸ್ತಕ ಬಂತು. ಅದರಲ್ಲಿ 'ದಿ ಬರ್ಡನ್' ಅಂತ ಒಂದು ಪುಟ್ಟ ನಾಟಕ. ಅಜ್ಜಿಯ ಮನೆಯಿಂದ ಅಯೋಧ್ಯೆಗೆ ಬಂದ ಭರತನಿಗೆ ಅಪ್ಪ ಇಲ್ಲ ಅಂತ ಗೊತ್ತಾಗುವ ಹೊತ್ತು ಅದು. 1944ರಲ್ಲಿ ಬಂದದ್ದು 'ಪರ್ಪಸ್'. ಏಕಲವ್ಯನ ಕಥೆ.

ಏಕಲವ್ಯ ಅಂದರೆ ನಮಗೆ ಕುವೆಂಪು ಅವರ 'ಬೆರಳ್‌ಗೆ ಕೊರಳ್' ನೆನಪಾಗುತ್ತದೆ. ಕೈಲಾಸಂ ಅವರ ಏಕಲವ್ಯನೂ ನೆನಪಾಗಬೇಕು ಅಂತ ನನ್ನ ಆಸೆ. ಅಲ್ಲಿ ಅರ್ಜುನನಿಗೆ ತಾನೇ ಜಗತ್ತಿನ ದೊಡ್ಡ ಬಿಲ್ಲುಗಾರ ಆಗಬೇಕು. ಏಕಲವ್ಯನಿಗೆ ಬಿಲ್ವಿದ್ಯೆ ಯಾಕೆ ಬೇಕು ಗೊತ್ತೇ? ಕಾಡಿನ ಜಿಂಕೆಮರಿಗಳನ್ನು ತೋಳಗಳಿಂದ ಕಾಪಾಡುವುದಕ್ಕೆ. ಅಷ್ಟೇ. ಈಗ ಹೆಬ್ಬೆರಳು ಕೇಳುವ ದೃಶ್ಯವನ್ನು ಯೋಚಿಸಿ ನೋಡಿ. ಆ ಬೆರಳು ಹೋದರೆ ಬರೀ ಒಬ್ಬ ಹುಡುಗನ ವಿದ್ಯೆ ಹೋಗುವುದಲ್ಲ, ಆ ಮರಿಗಳನ್ನು ಕಾಯುವವರೇ ಇಲ್ಲ. ಚಿಕ್ಕಂದಿನಿಂದ ಕೇಳಿದ ಕಥೆ ನನಗೆ ಮೊದಲ ಸಲ ಹೊಟ್ಟೆಯಲ್ಲಿ ಚುಚ್ಚಿದ್ದು ಅಲ್ಲಿ.

ನಾನು ಇದನ್ನು ಮೊದಲು ಓದಿದ್ದು ಲೈಬ್ರರಿಯಲ್ಲಿ, ಮನಸ್ಸಿನಲ್ಲೇ. ಹಳೇ ಕಾಲದ ಇಂಗ್ಲಿಷು, ಪದ್ಯದ ಓಟ. ಎರಡು ಪುಟಕ್ಕೆ ತಲೆ ಭಾರವಾಯಿತು. ಮನೆಗೆ ತಂದು, ಬಾಗಿಲು ಹಾಕಿಕೊಂಡು, ಗಟ್ಟಿಯಾಗಿ ಓದಿದೆ. ಆಗ ಅದು ತೆರೆದುಕೊಂಡಿತು. ಎಲ್ಲಿ ನಿಲ್ಲಬೇಕು, ಎಲ್ಲಿ ಓಡಬೇಕು ಅಂತ ಸಾಲುಗಳೇ ಹೇಳಿದವು. ಕನ್ನಡದ ಪ್ರಹಸನ ಹೇಳಿದ ಅದೇ ಬಾಯಿ ಇದನ್ನೂ ಹೇಳಿದೆ ಅನ್ನುವುದು ನನಗೆ ಗೊತ್ತಾದದ್ದು ಆಗಲೇ.

ಕೊನೆಯದಾಗಿ 'ಕೀಚಕ'ದ ವಿಷಯ. ನಮಗೆ ಗೊತ್ತಿರುವ ಕೀಚಕ ಯಾರು? ಸೈರಂಧ್ರಿಯ ಮೇಲೆ ಕಣ್ಣು ಹಾಕಿ ಭೀಮನ ಕೈಯಲ್ಲಿ ಸತ್ತ ಕೆಟ್ಟವನು. ಕೈಲಾಸಂ ಅವನ ಪಕ್ಕ ಹೋಗಿ ನಿಂತರು. ಅವನೂ ಒಬ್ಬ ದೊಡ್ಡ ವೀರ, ಮನಸಾರೆ ಪ್ರೀತಿಸಿದವನು ಅಂತ ಅವನನ್ನು ನೋಡಿದರು. ಕರ್ಣನ ಬಗ್ಗೆ ಅವರು ಮಾಡಿದ ನಾಟಕ 1946ರಲ್ಲಿ ಬಂತು. ಅದೇ ವರ್ಷ ನವೆಂಬರಿನಲ್ಲಿ ಅವರು ತೀರಿಕೊಂಡರು. ಹಿಂದಿನ ವರ್ಷವಷ್ಟೇ ಮದರಾಸಿನ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾಗಿದ್ದರು. 'ಕೀಚಕ' ಅವರಿರುವಾಗ ಪುಸ್ತಕವಾಗಲಿಲ್ಲ. ಅವರ ಬಾಯಲ್ಲಿ ಅದನ್ನು ಕೇಳಿದ್ದ ಬಿ. ಎಸ್. ರಾಮರಾವ್ ನೆನಪಿನಿಂದ ಅದನ್ನು ಕಾಗದಕ್ಕಿಳಿಸಿದರು. 1949ರಲ್ಲಿ ಅಚ್ಚಾಯಿತು. ಹೇಳಿದವರು ಹೋದ ಮೇಲೆ, ಕೇಳಿದವರೊಬ್ಬರು ಕಾಪಾಡಿಕೊಟ್ಟ ನಾಟಕ ಅದು.

ನಾಟಕದ ಹುಚ್ಚಿದ್ದ ತಾತಂದಿರು, ಮುತ್ತಾತಂದಿರು ನಿಮ್ಮ ಮನೆಗಳಲ್ಲೂ ಇದ್ದಿರಬಹುದು. ಅಟ್ಟದ ಮೇಲೆ, ಹಳೇ ಟ್ರಂಕಿನಲ್ಲಿ ಅವರ ನೋಟ್‌ಬುಕ್ಕುಗಳು ಇರಬಹುದು. ಪೆನ್ಸಿಲಿನಲ್ಲಿ ಅವಸರವಾಗಿ ಗೀಚಿದ ಸಂಭಾಷಣೆ, ಅರ್ಧ ಕನ್ನಡ, ಅರ್ಧ ಇಂಗ್ಲಿಷ್, ಪಕ್ಕದಲ್ಲಿ ಪಾತ್ರಗಳ ಹೆಸರು. ಹಳೇ ಪೇಪರಿನವರಿಗೆ ತೂಕಕ್ಕೆ ಹಾಕುವ ಮುಂಚೆ ದಯವಿಟ್ಟು ಒಂದು ಪುಟ ಗಟ್ಟಿಯಾಗಿ ಓದಿ ನೋಡಿ.

ನಮಸ್ಕಾರ.